ಎಳೆ ಜಗ್ಗಿ ನೋಡಿದ ಶಬ್ದಗಳು

ಹಳೇ ಹುಬ್ಬಳ್ಳಿ
18 ಜುಲೈ 2025, ಶುಕ್ರವಾರ

ಪ್ರೀತಿಯ ಅಪ್ಪಾಜಿ,

ನಾನು ಟೀಚರ್ ಆದೆ, ಖರೇನೇ ಟೀಚರ್, ಗೋಡೆಗೆ ಕಪ್ಪು ಹಲಗೆ, ಕೈಗೆಲ್ಲ ಚಾಕ್‌ಪೀಸಿನ ಪುಡಿ, ಎದುರಿಗೆ ಚಾಪೆಯ ಮೇಲೆ ಆರು ಜನ ವಿದ್ಯಾರ್ಥಿನಿಯರು!

ನೋಡಿ, ಶರಣು ಹೇಳುವ ಮೊದಲೇ ಸುದ್ದಿ ಬಾಯಿಬಿಟ್ಟೆ. ಈಗ ಹೇಳುತ್ತೇನೆ: ನಿಮಗೆ ಶರಣು. ಬಿ.ಪಿ. ಗುಳಿಗೆ ತಪ್ಪದೆ ತೆಗೆದುಕೊಳ್ಳುತ್ತಿದ್ದೀರಾ? ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗುತ್ತೀರೋ, ಅಂಗಡಿಯಲ್ಲೇ ಚುರಮುರಿ ತಿಂದು ಮುಗಿಸುತ್ತೀರೋ? ಪತ್ರ ಬರೆಯಲು ಮೂರು ತಿಂಗಳು ತಡಮಾಡಿದೆ, ಕ್ಷಮಿಸಿ. ಬರೆದು ಹರಿದದ್ದು ಒಂಬತ್ತು ಹಾಳೆ. ಎಲ್ಲವೂ ಇಂಗ್ಲಿಷಿನಲ್ಲಿದ್ದವು. ಇದೊಂದೇ ಕನ್ನಡದ್ದು, ಹಾಗಾಗಿ ಇದು ಉಳಿಯುತ್ತದೆ ಅನ್ನಿಸುತ್ತಿದೆ. ನಿಮ್ಮ ಇಂಗ್ಲಿಷ್ ಮೀಡಿಯಂ ಮಗಳ ಒತ್ತು, ದೀರ್ಘ ಎಲ್ಲಾದರೂ ತಪ್ಪಿದ್ದರೆ ಕೆಂಪು ಪೆನ್ನು ಹಿಡಿದು ಕೂರಬೇಡಿ.

ಮನೆಯ ವಿಳಾಸಕ್ಕೆ ಕಳಿಸದೆ ಹತ್ತಿ ಅಂಗಡಿಗೆ ಕಳಿಸುತ್ತಿರುವುದೂ ಬೇಕೆಂದೇ. ನನ್ನ ಫೋನು ನೀವು ಎತ್ತುವುದಿಲ್ಲ. ಆದರೆ ಅಂಗಡಿಗೆ ಬಂದ ಟಪಾಲನ್ನು ಒಡೆಯದೆ ಇಡುವ ಮನುಷ್ಯ ನೀವಲ್ಲ. ಬೈಲಹೊಂಗಲದ ಸಂಬಂಧಕ್ಕೆ ನೀವು ಮಾತು ಕೊಡುವ ಹೊತ್ತಿಗೆ ನಾನು ರೈಲ್ವೆಯವನೊಬ್ಬನನ್ನು, ಅದೂ ನಮ್ಮ ಜಾತಿಯವನಲ್ಲದವನನ್ನು, ರಜಿಸ್ಟರ್ ಮದುವೆಯಾದೆ. ಏಪ್ರಿಲ್ ಹದಿನಾರಕ್ಕೆ ನಾನೊಂದು ಮೆಸೇಜು ಕಳಿಸಿದೆ, ನೀವು ಒಂದೇ ಶಬ್ದದ ಉತ್ತರ ಕಳಿಸಿದಿರಿ. ಅಷ್ಟೇ. ಈಗ ನಾಗರ ಪಂಚಮಿಗೆ ಹನ್ನೊಂದು ದಿನ ಉಳಿದಿದೆ. ಮದುವೆಯಾದ ಮೇಲಿನ ನನ್ನ ಮೊದಲ ಪಂಚಮಿ. ನಮ್ಮ ಗದಗಿನಿಂದ ಇಲ್ಲಿಗೆ ತಾಸಿನ ಹಾದಿ. ಹಬ್ಬಕ್ಕೆ ತವರಿಗೆ ಕರೆದೊಯ್ಯಲು ನನಗೆ ಅಣ್ಣ ತಮ್ಮ ಯಾರೂ ಇಲ್ಲ, ಬಂದರೆ ನೀವೇ ಬರಬೇಕು. ನೀವು ಬರುತ್ತೀರೋ ಇಲ್ಲವೋ ಎಂಬುದು ಬಿಟ್ಟು ಈ ತಿಂಗಳು ನನ್ನ ತಲೆಯಲ್ಲಿ ಬೇರೇನೂ ಇಲ್ಲ. ಆದರೂ ಮೊದಲು ಖುಷಿಯ ಸುದ್ದಿಯನ್ನೇ ಹೇಳುತ್ತೇನೆ, ನನ್ನ ಸ್ವಭಾವ ನಿಮಗೆ ಗೊತ್ತಲ್ಲ!

ನಾವಿರುವುದು ಮಾಬೂಬಿ ಎಂಬವರ ಮನೆಯ ಮಹಡಿಯಲ್ಲಿ. ಎರಡು ಕೋಣೆ, ಒಂದು ಪುಟ್ಟ ಗ್ಯಾಲರಿ, ಕೆಳಗೆ ಎರಡು ಸೈಕಲ್ಲು ಎದುರುಬದುರಾದರೆ ಒಂದು ನಿಲ್ಲಬೇಕಾದಂಥ ಓಣಿ. ಎಷ್ಟು ಚೆಂದದ ಓಣಿ ಅಂತೀರಿ! ಬೆಳಿಗ್ಗೆ ಒಂದು ಕಡೆಯಿಂದ ಹಾಸಿಗೆಯ ಹತ್ತಿ ಪಿಂಜುವ ಸದ್ದು, ಇನ್ನೊಂದು ಕಡೆಯಿಂದ ತಾಮ್ರದ ಕೊಡ ಬಡಿಯುವ ಸದ್ದು. ಮಾಬೂಬಿಯವರನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತೇನೆ. ಖಾಲಾಗೆ ಅರವತ್ತು ದಾಟಿದೆ, ಬಾಯಿ ಜೋರು, ಕೈ ಅದಕ್ಕಿಂತ ದೊಡ್ಡದು. ಅವರ ಸೊಸೆ ಫರಹತ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಕೆಳಗಿನ ಪಡಸಾಲೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡಿದ್ದಾಳೆ.

ನನ್ನ ಗಂಡ ಮುತ್ತು ಬಗ್ಗೆ ಏನು ಬರೆಯಲಿ? ‘ಅವರು’ ಎಂದು ಬರೆದರೆ ನನಗೇ ನಗು ಬರುತ್ತದೆ, ಆದರೆ ನಿಮ್ಮೆದುರು ಬೇರೆ ಹೇಗೂ ಬರೆಯಲಾರೆ. ಅವರು ತುಂಬ ಒಳ್ಳೆಯವರು ಅಪ್ಪಾಜಿ. ಚಪಾತಿ ನನಗಿಂತ ದುಂಡಗೆ ಲಟ್ಟಿಸುತ್ತಾರೆ. ಗೂಡ್ಸ್ ಗಾಡಿಯ ಸಹಾಯಕ ಲೋಕೊ ಪೈಲಟ್ ಎಂದರೆ ಗೊತ್ತಲ್ಲ, ಫೋನು ಬಂದ ಎರಡು ತಾಸಿನಲ್ಲಿ ಪೆಟ್ಟಿಗೆ ಎತ್ತಿಕೊಂಡು ಹೊರಡಬೇಕು. ಒಮ್ಮೆ ಹೊಸಪೇಟೆ, ಒಮ್ಮೆ ಲೋಂಡಾ. ಇಂಜಿನ್ ಏರಿದರೆ ಫೋನು ಬಂದ್. ಆ ಊರು ಮುಟ್ಟಿ, ರೈಲು ನಡೆಸುವವರು ತಂಗುವ ರನ್ನಿಂಗ್ ರೂಮಿನಲ್ಲಿ ಉಂಡು, ಮಲಗುವ ಮುನ್ನ ಫೋನ್ ಮಾಡುತ್ತಾರೆ. “ಉಂಡಿಯೇನು?” ಅನ್ನುತ್ತಾರೆ. “ಉಂಡೇನಿ, ನೀವು?” ಅನ್ನುತ್ತೇನೆ. “ಉಂಡೇನಿ. ನಿದ್ದಿ ಬರಾಕತ್ತೈತಿ” ಅನ್ನುತ್ತಾರೆ. ಮುಗಿಯಿತು. ಆ ಮೂರು ಮಾತಿಗಾಗಿ ನಾನು ಇಡೀ ದಿನ ಕೂಡಿಟ್ಟ ಸುದ್ದಿ ಹಾಗೇ ಉಳಿಯುತ್ತದೆ. ದೂರುತ್ತಿಲ್ಲ, ಅವರ ದುಡಿಮೆಯೇ ಹಾಗೆ. ಮೇ ತಿಂಗಳಿನಲ್ಲಿ ನಾನು ಕುಕ್ಕರಿನ ಸೀಟಿ ಎಣಿಸುತ್ತ ಅದರೊಡನೆ ಮಾತಾಡಲು ಶುರುಮಾಡಿದ್ದೆ. ಅದನ್ನು ಖಾಲಾ ಕೇಳಿಸಿಕೊಂಡರು.

“ಯಾರ ಕೂಡ ಮಾತಾಡಾಕತ್ತಿ ಬೇಟಿ?” ಎಂದು ಮೆಟ್ಟಿಲಿನಿಂದ ಕೂಗಿದರು.

“ಯಾರೂ ಇಲ್ರಿ ಖಾಲಾ.”

“ಹಂಗಿದ್ರ ಕೆಳಗ ಬಾ. ನಮ್ಮ ಕೂಡ ಮಾತಾಡು. ಕುಕ್ಕರ್ ಏನ್ ಉತ್ತರಾ ಕೊಡತೈತಿ?”

ಹಾಗೆ ಕೆಳಗಿಳಿದವಳು ನಾನು. ಫರಹತಳ ಬಳಿ ಬರುವ ಗಿರಾಕಿಗಳಲ್ಲಿ ಕೇಶ್ವಾಪುರದ ಕಡೆಯ ಹುಡುಗಿಯರು ಇಂಗ್ಲಿಷಿನಲ್ಲಿ ಏನೇನೋ ಹೇಳಿ ಹೋಗುತ್ತಾರಂತೆ, ಅವಳಿಗೆ ಅರ್ಧ ತಿಳಿಯದೆ ತೋಳು ಉದ್ದವಾಗಿ ಜಗಳವಾಗುತ್ತದಂತೆ. ಪಕ್ಕದ ಮನೆಯ ರುಕ್ಮವ್ವ ಕಾಯಿಪಲ್ಲೆ ಮಾರುವವಳು, ಮೊಮ್ಮಗಳ ಶಾಲೆಯಿಂದ ಇಂಗ್ಲಿಷಿನ ಮೆಸೇಜು ಬಂದಾಗಲೆಲ್ಲ ಫೋನು ಹಿಡಿದು ಓಣಿ ತುಂಬ ಓಡಾಡುತ್ತಾಳೆ. “ನೀ ಕಲಿಸ್ತಿಯೇನು?” ಎಂದರು ಖಾಲಾ. ಕಲಿಸುತ್ತೇನೆ ಎಂದೆ. ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ಇವತ್ತಿಗೆ ಒಂದು ತಿಂಗಳಾಯಿತು!

ಮೊದಲ ವಾರವೇ ನಾನು ಸಿಕ್ಕಿಬಿದ್ದೆ. ‘ಸೀ’, ‘ಲುಕ್’, ‘ವಾಚ್’ ಎಂದು ಹಲಗೆಯ ಮೇಲೆ ಬರೆದೆ. ಮೂರಕ್ಕೂ ಕನ್ನಡದಲ್ಲಿ ನೋಡುವುದು ಎಂದೆ. ಫರಹತ ಕೈ ಎತ್ತಿದಳು.

“ಟೀಚರ್, ಕಣ್ಣು ಎರಡಽ ಅದಾವ. ನೋಡಾಕ ಮೂರು ಶಬ್ದ ಯಾಕ ಬೇಕ್ರಿ?”

ನಾನೋ, ಹದಿನಾರು ವರ್ಷ ಇಂಗ್ಲಿಷಿನಲ್ಲಿ ಓದಿದವಳು, ಯಾವುದು ಎಲ್ಲಿ ಬರುತ್ತದೆಂದು ನಾಲಿಗೆಗೆ ಗೊತ್ತು, ಯಾಕೆಂದು ತಲೆಗೆ ಗೊತ್ತಿಲ್ಲ! ಆಗ ಅಂಗಡಿಯಲ್ಲಿ ನೀವು ಕೂರುವ ಗಾದಿ ನೆನಪಾಯಿತು. ಎರಡು ಹಿಡಿ ಅರಳೆ ನನ್ನ ಮುಂದಿಟ್ಟು ನೀವು ಹೇಳುತ್ತಿದ್ದಿರಿ: “ಎರಡೂ ಬೆಳ್ಳಗಽ ಕಾಣತಾವ. ಕಣ್ಣೀಲೆ ನೋಡಿ ಹೇಳಬ್ಯಾಡ. ಎಳಿ ಜಗ್ಗಿ ನೋಡು.” ಜಯಧರ ಹತ್ತಿಯ ಎಳೆ ಗಿಡ್ಡಾಗಿ ಪಟ್ಟನೆ ಹರಿಯುತ್ತಿತ್ತು, ಇನ್ನೊಂದು ಬೆರಳಿನಿಂದ ಬೆರಳಿಗೆ ಉದ್ದಕ್ಕೆ ಬರುತ್ತಿತ್ತು. ಶಬ್ದಗಳನ್ನೂ ಹಾಗೇ ಜಗ್ಗಿ ನೋಡಬೇಕು ಎಂದು ಕಲಿಸಿದವರು ನೀವು. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡದಲ್ಲಿ ಓದಿದ ಶಂಭುಲಿಂಗ ಸಾವ್ಕಾರರು, ಅಂದರೆ ನೀವು, ಮಗಳ ಜೊತೆ ಕೂತು, ದಿನಕ್ಕೆ ಎರಡು ಶಬ್ದದಂತೆ ಇಂಗ್ಲಿಷ್ ಕಲಿತದ್ದು ನನ್ನ ವಿದ್ಯಾರ್ಥಿನಿಯರಿಗೆಲ್ಲ ಈಗ ಬಾಯಿಪಾಠ.

ಹಾಗೇ ಜಗ್ಗಿ ತೋರಿಸಿದೆ. “ನೋಡ್ರಿ, ಗ್ಯಾಲರಿಗೆ ಬಂದ್ರ ಓಣಿ ತಾನಽ ಕಣ್ಣಿಗೆ ಬೀಳತೈತಿ, ಅದು ‘ಸೀ’. ಫರಹತ ಕೆಳಗಿಂದ ಒದರಿದ್ರ ಹೊಳ್ಳಿ ನೋಡ್ತೇನಿ, ಅದು ‘ಲುಕ್’. ಇವರು ಡ್ಯೂಟಿಯಿಂದ ಬಂದ್ರೇನು ಅಂತ ಓಣಿ ಮೂಲಿ ನೋಡಕೋಂತ ನಿಂದರ್ತೇನಿ, ಅದು ‘ವಾಚ್’.”

ರುಕ್ಮವ್ವ ಎಲೆ ಅಡಿಕೆಯನ್ನು ದವಡೆಗೆ ಸರಿಸಿ, “ಹಂಗಾದ್ರ ನೀ ದಿನಾ ಮಾಡೂದು ಮೂರನೇದಽ ಆತು ಬಿಡವಾ” ಎಂದಳು.

ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಆಮೇಲೆ ಹಲಗೆ ಒರೆಸುವ ನೆವದಲ್ಲಿ ಅವರಿಗೆ ಬೆನ್ನು ಮಾಡಿ ನಿಂತೆ.

ಈಗ ಬರೆಯಬೇಕಾದದ್ದಕ್ಕೆ ಬರುತ್ತೇನೆ. ಹೋದ ವಾರದ ಪಾಠ ‘ಬ್ರಿಂಗ್’, ‘ಟೇಕ್’, ‘ಫೆಚ್’. ಇಲ್ಲಿಗೆ ತರುವುದು, ಇಲ್ಲಿಂದ ಒಯ್ಯುವುದು, ಹೋಗಿ ತರುವುದು. ಪಂಚಮಿ ಹತ್ತಿರವಾಯಿತಲ್ಲ, ರುಕ್ಮವ್ವ ತಾನೇ ಉದಾಹರಣೆ ಹುಡುಕಿಬಿಟ್ಟಳು.

“ತವರುಮನಿಯಾವ್ರು ಬಂದು ಮಗಳನ್ನ ಕರಕೊಂಡು ಹೋಗತಾರಲ್ಲ, ಅದು ಮೂರನೇದೇನು?”

“ಹೌದು ರುಕ್ಮವ್ವ, ಶಾಭಾಷ್! ‘ಫೆಚ್’.”

“ಮತ್ತ ನಿನ್ನ ಯಾರು ಫೆಚ್ ಮಾಡಾವ್ರು?”

ಆರು ಜನರೂ ನನ್ನ ಮುಖ ನೋಡಿದರು. ಅಪ್ಪಾಜಿ, ನಾನು ಒಂದು ಕ್ಷಣವೂ ತಡೆಯದೆ, “ನಮ್ಮಪ್ಪಾಜಿ ಬರ್ತಾರ, ಶನಿವಾರ ಇಪ್ಪತ್ತಾರಕ್ಕ” ಎಂದೆ. ತಾರೀಖು ಸಹಿತ ಹೇಳಿದೆ. ಸುಳ್ಳಿಗೂ ಎಷ್ಟು ಸಿಂಗಾರ ಮಾಡುತ್ತೇನೆ ನೋಡಿ.

ಅಲ್ಲಿಂದ ನನ್ನ ಪಾಡು ಕೇಳಬೇಡಿ. ಓಣಿಯಲ್ಲಿ ಸುದ್ದಿಯಾಯಿತು. ಫರಹತ ನನ್ನ ಅಳತೆ ತೆಗೆದು, ಇಳಕಲ್ ಸೀರೆಗೆ ಹೊಂದುವ ಖಣದ ಕುಪ್ಪಸ ಹೊಲಿಯಲು ಕೂತಳು. “ತವರಿಗೆ ಹಳೇ ಕುಪ್ಪಸ ಹಾಕ್ಕೊಂಡು ಹೋದ್ರ ನಿಮ್ಮಪ್ಪಾರು ನಮ್ಮ ಬಗ್ಗೆ ಏನ್ ತಿಳಕೋಬೇಕು?” ಎಂದಳು. ರುಕ್ಮವ್ವ ಪಂಚಮಿಯ ಉಂಡಿಗೆಂದು ಎಳ್ಳು, ಶೇಂಗಾ ಹಸನು ಮಾಡಿ ತಂದುಕೊಟ್ಟಳು. ಮೊನ್ನೆ ಬುಧವಾರ ಮಾಬೂಬಿ ಖಾಲಾ ಮೆಟ್ಟಿಲು ಏರಿ ಬಂದರು, ಮೊಣಕಾಲು ಹಿಡಿದುಕೊಂಡು, ಏದುಸಿರು ಬಿಡುತ್ತ. ಸೆರಗಿನ ಕೆಳಗೆ ಹೊಸ ಸ್ಟೀಲಿನ ಪಾತ್ರೆ, ಹೊಸ ಸೋಸಣಿಗೆ, ಒಂದು ಲೋಟ.

“ನಿಮ್ಮಪ್ಪಾರು ಲಿಂಗಾ ಕಟ್ಟಿದಾವ್ರು. ನಮ್ಮ ಮನ್ಯಾಗ ಚಾ ಕುಡೀತಾರೋ ಇಲ್ಲೋ, ನಾ ಹೆಂಗ ಕೇಳಲಿ? ಇವು ಯಾರೂ ಮುಟ್ಟಿದ್ದಲ್ಲ. ನೀನಽ ನಿನ್ನ ಒಲಿಮ್ಯಾಲ ಮಾಡಿ ಕೊಡು. ಹಾಲು ನಾ ತರಸ್ತೇನಿ. ಬಂದಾವ್ರು ಹಂಗಽ ಹೊಳ್ಳಿ ಹೋಗಬಾರದು ನೋಡು.”

ನಾನು ಆ ಲೋಟ ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತು ಅತ್ತೆ. ಖಾಲಾ ಗಾಬರಿಯಾಗಿ ಫರಹತಳನ್ನು ಕೂಗಿದರು, ಫರಹತಳ ಹಿಂದೆ ರುಕ್ಮವ್ವ ಬಂದಳು. ಎಲ್ಲ ಹೇಳಿದೆ. ನೀವು ಬರುವುದಿಲ್ಲ, ಬರುವ ಮಾತೇ ಆಗಿಲ್ಲ, ಏಪ್ರಿಲಿನಿಂದ ನಿಮ್ಮ ದನಿ ಕೇಳಿಲ್ಲ.

“ನಮ್ಮ ಮುಂದ ಸುಳ್ಳು ಹೇಳಿದಿ?” ಎಂದರು ಖಾಲಾ. ಬೈಯುತ್ತಲೇ ಸೆರಗಿನಿಂದ ನನ್ನ ಮುಖ ಒರೆಸಿದರು. “ಇರಲಿ. ಅವರು ಬರಲಿಲ್ಲಂದ್ರ ನೀ ಹೋಗು. ಕಾಲು ಅದಾವಲ್ಲ ನಿನಗ.”

“ಏ ಮಾಬೂಬಿ, ನಿನಗ ನಮ್ಮ ಪದ್ಧತಿ ತಿಳಿಯೂದಿಲ್ಲ, ಸುಮ್ನಿರು,” ಎಂದಳು ರುಕ್ಮವ್ವ. “ಕರೀದಽ ಹೋದ ಮಗಳಿಗೆ ತವರಾಗ ಏನ್ ಕಿಮ್ಮತ್ತು? ಊರಾಗಿನ ಮಂದಿ ಏನಂತಾರ?”

“ಊರಾಗಿನ ಮಂದಿ ಈಕೀ ಕಣ್ಣೀರು ಒರಸಾಕ ಬರ್ತಾರೇನ? ಕರೀದಽ ಹೋಗಬಾರದು ಅಂತ ಯಾರು ಬರದಿಟ್ಟಾರ?”

“ಬರಿಯೂದೇನು ಬಂತು? ನಾನಽ ಹೋಗಲಿಲ್ಲ.”

ರುಕ್ಮವ್ವ ತಾನು ಹಸನು ಮಾಡಿದ ಎಳ್ಳಿನಲ್ಲಿ ಮತ್ತೆ ಕೈಯಾಡಿಸುತ್ತ ಹೇಳಿದಳು. ಒಂದು ಪಂಚಮಿಗೆ ಅವಳ ಅಣ್ಣ ಕರೆಯಲು ಬರಲಿಲ್ಲವಂತೆ. ಅದರ ಹಿಂದಿನ ಸಲ ಯಾವುದೋ ಮಾತಿಗೆ ಮಾತು ಬೆಳೆದಿತ್ತಂತೆ. ಇವಳು ಚೀಲ ಕಟ್ಟಿಕೊಂಡು ಮನೆಯ ಮುಂದಿನ ಕಟ್ಟೆಯ ಮೇಲೆ ಸಂಜೆಯ ತನಕ ಕೂತಳು. ಅವನು ಬರಲಿಲ್ಲ, ಇವಳು ಹೋಗಲಿಲ್ಲ. ಮರುವರ್ಷವೂ ಇಲ್ಲ. ಹಾಗೇ ಒಂಬತ್ತು ವರ್ಷ.

“ಅಣ್ಣ ಸತ್ತಾಗ ಮಣ್ಣಿಗೆ ಹೋದೆ, ಅವನ ಹೇಂತಿ, ನಮ್ಮ ವೈನಿ, ಹೇಳಿದ್ಳು. ಅಂವಾ ಪ್ರತಿ ಪಂಚಮಿಗೆ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂದರತಿದ್ನಂತ, ರುಕ್ಮಿ ತಾನಽ ಬಂದಾಳು ಅಂತ. ಕಿಮ್ಮತ್ತು ಉಳೀತವಾ ನಂದು. ಅಣ್ಣ ಉಳೀಲಿಲ್ಲ.”

ಖಾಲಾ ಎದ್ದು ಹೋಗಿ ಎಲ್ಲರಿಗೂ ಚಹಾ ಮಾಡಿ ತಂದರು, ಹಳೆಯ ಪಾತ್ರೆಯಲ್ಲಿ.

ಮುತ್ತು ನಿನ್ನೆ ಲೋಂಡಾದಿಂದ ಬಂದರು. ಎಲ್ಲ ಕೇಳಿ, ಬೂಟಿನ ಲಾಡಿ ಬಿಚ್ಚುತ್ತ, “ಗದಗಿಗೆ ನಾನೂ ಬರ್ಲೇನು?” ಎಂದರು. ಈ ಸಲ ಬೇಡ ಎಂದೆ. “ನನ್ನ ಬೈದ್ರ ಬೈಸ್ಕೋತೇನಿ, ಆದ್ರ ನಿನ್ನ ಬಾಗಲದಾಗ ನಿಂದರಿಸಿದ್ರ?” ಎಂದರು.

ಮಳೆ ಹೇಗಿದೆ? ಬಿತ್ತನೆ ಆಯಿತಂತಾ? ಅಂಗಡಿಯ ಹಿಂದಿನ ಕೋಣೆಯ ಫ್ಯಾನು ರಿಪೇರಿ ಮಾಡಿಸಿದಿರಾ? ಅವ್ವನ ಫೋಟೋಗೆ ಸೋಮವಾರ ಹೂ ಹಾಕಲು ಮರೆಯಬೇಡಿ, ನಾನಿದ್ದಾಗ ನಾನೇ ಹಾಕುತ್ತಿದ್ದೆನಾದ್ದರಿಂದ ಹೇಳಿದೆ. ಆ ಕೆಲಸ ಈಗ ಯಾರು ಮಾಡುತ್ತಾರೋ ಎಂದು ಪ್ರತಿ ಸೋಮವಾರ ಅನ್ನಿಸುತ್ತದೆ. ನಿಮಗೆ ಆರೋಗ್ಯವಿರಲಿ, ಈ ಹಂಗಾಮು ನಿಮ್ಮ ಗಾದಿಗೆ ಛಲೋ ಅರಳೆ ಬರಲಿ. ದೊಡ್ಡವರು ಚಿಕ್ಕವರಿಗೆ ಹರಸಬೇಕು, ನಾನು ತಿರುಗಾಮುರುಗಾ ಮಾಡುತ್ತಿದ್ದೇನೆ. ನಿಮ್ಮಿಂದ ಆಶೀರ್ವಾದ ಕೇಳುವ ಧೈರ್ಯವಿಲ್ಲದ್ದಕ್ಕೆ ನಾನೇ ಕೊಟ್ಟುಬಿಟ್ಟೆ ಎಂದು ತಿಳಿದುಕೊಳ್ಳಿ.

ನಿಮ್ಮ ಮಗಳು
ಐಶ್ವರ್ಯಾ (ಐಶು)

ತಾಜಾ ಕಲಂ: ಲಕೋಟೆಗೆ ಅಂಟು ಹಚ್ಚುವ ಮೊದಲು ಇದನ್ನು ಬರೆಯದಿದ್ದರೆ ಮೇಲಿನ ನಾಲ್ಕು ಹಾಳೆಯೂ ದಂಡ.

ಅವ್ವ ಹೋದಾಗ ನನಗೆ ಎಂಟು ವರ್ಷ. ಆ ಮನೆಯಲ್ಲಿ ನಾವಿಬ್ಬರು ಕನ್ನಡದಲ್ಲಿ ಏನು ಮಾತಾಡಿದರೂ ಅವ್ವನ ಹೆಸರು ಬರುತ್ತಿತ್ತು, ಇಬ್ಬರಿಗೂ ಅಳು ಬರುತ್ತಿತ್ತು. ಅದಕ್ಕೇ ನೀವು ಡಿಕ್ಷನರಿ ತಂದಿರಿ. ನನಗೆ ಇಂಗ್ಲಿಷ್ ಬರಲಿ ಎಂದಲ್ಲ, ನಮ್ಮಿಬ್ಬರಿಗೂ ಅಳದೆ ಮಾತಾಡಲು ಒಂದು ಜಾಗ ಬೇಕಿತ್ತು. ಇದು ನನಗೆ ತಿಳಿದದ್ದು ಈ ಓಣಿಗೆ ಬಂದ ಮೇಲೆ. ಅಂದಿನಿಂದ ನಾವು ಕಷ್ಟದ ಮಾತನ್ನೆಲ್ಲ ಇಂಗ್ಲಿಷಿನಲ್ಲೇ ಆಡಿ ಮುಗಿಸಿದೆವು.

ಏಪ್ರಿಲ್ ಹದಿನೈದರ ಸಂಜೆ ನಾನು ಅಂಗಡಿಗೆ ಬಂದದ್ದು ನಿಮಗೆ ನೆನಪಿರಬೇಕು. ಮುತ್ತು ವಿಷಯ ಹೇಳಬೇಕೆಂದೇ ಬಂದಿದ್ದೆ. ನೀವು ಗಾದಿಯ ಮೇಲೆ ಸರಿದು ನನಗೆ ಜಾಗ ಮಾಡಿ, “ಇವತ್ತಿನ ಎರಡು ಶಬ್ದ ಯಾವುವು ಬೇಬಿ?” ಎಂದಿರಿ. ‘ಟೆಲ್’ ಮತ್ತು ‘ಇನ್ಫಾರ್ಮ್’ ಎಂದೆ. ನೀವು ಎರಡು ಬೆರಳಿನ ನಡುವೆ ಇಲ್ಲದ ಎಳೆಯನ್ನು ಜಗ್ಗಿ ನೋಡಿದಿರಿ. “ಟೆಲ್ ಅಂದ್ರ ಎದರಿಗೆ ಕುಂತು, ಮಾರಿ ನೋಡಕೋಂತ ಹೇಳೂದು. ಅವರು ಏನಂತಾರೋ ಅಂತ ಕಾಯಬೇಕಾಗತೈತಿ. ಇನ್ಫಾರ್ಮ್‌ಗೆ ಅದಿಲ್ಲ. ತಿಳಿಸಿದ್ರ ತೀರಿತು” ಎಂದಿರಿ. ನಾನು ಚಹಾ ಕುಡಿದು ಮನೆಗೆ ಹೋದೆ.

ಮರುದಿನ ರಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ನಿಂತು, ನಾನು ಮದುವೆಯಾಗಿದ್ದೇನೆಂದು ನಿಮಗೆ ‘ಇನ್ಫಾರ್ಮ್’ ಮಾಡುತ್ತೇನೆ ಎಂದು ಇಂಗ್ಲಿಷಿನಲ್ಲಿ ಮೆಸೇಜು ಒತ್ತಿದೆ. ಅವಸರದಲ್ಲಿ ಬಂದ ಶಬ್ದವಲ್ಲ ಅಪ್ಪಾಜಿ. ಗೊತ್ತಿದ್ದೇ ಆರಿಸಿದೆ. ನಿಮ್ಮ ಮುಖ ನೋಡುತ್ತ ಕಾಯುವ ಧೈರ್ಯ ನನಗಿರಲಿಲ್ಲ. ಆ ಶಬ್ದವನ್ನು ನಾನು ಯಾಕೆ ಆರಿಸಿದೆನೆಂದು ಇಡೀ ಜಗತ್ತಿನಲ್ಲಿ ನಿಮಗೊಬ್ಬರಿಗೇ ತಿಳಿಯುತ್ತಿತ್ತು, ನಿಮಗೇ ಅದನ್ನು ಕಳಿಸಿದೆ. ನೀವು ‘ನೋಟೆಡ್’ ಎಂದು ಬರೆದಿರಿ, ದರದ ಪತ್ರ ಕಳಿಸಿದ ವ್ಯಾಪಾರಿಗಳಿಗೆ ಬರೆಯುವ ಹಾಗೆ. ನಾನು ಕೊಟ್ಟದ್ದಕ್ಕೆ ಅಷ್ಟೇ ತೂಕದ್ದು ತಿರುಗಿ ಬಂತು. ಮದುವೆಯಾದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಸುಳ್ಳು ಹೇಳಲಾರೆ. ಆದರೆ ಅವತ್ತು ನಿಮ್ಮೆದುರು ಕೂತು ಹೇಳದೆ ಎದ್ದು ಹೋದೆನಲ್ಲ, ಆ ಸಂಜೆ ನನ್ನನ್ನು ಬಿಟ್ಟಿಲ್ಲ.

ಈಗ ಕೂತು ಹೇಳಲು ಬರುತ್ತಿದ್ದೇನೆ, ನೀವು ಕರೆಯದಿದ್ದರೂ. ಬೈಯಿರಿ, ಇಲ್ಲವೇ ಸುಮ್ಮನೇ ಕೂರಿ, ನಾನು ಕಾಯುತ್ತೇನೆ. ಒಬ್ಬಳೇ ಬರುತ್ತೇನೆ. ಇದೇ ಶನಿವಾರವಲ್ಲ, ಮುಂದಿನ ಶನಿವಾರ, ಜುಲೈ ಇಪ್ಪತ್ತಾರು, ಹಂಪಿ ಎಕ್ಸ್‌ಪ್ರೆಸ್, ಸಂಜೆ ಏಳೂಕಾಲರ ಸುಮಾರಿಗೆ ಗದಗ ಸ್ಟೇಶನ್.